ಪತ್ರಿ ಕೀಳುವ ಮುನ್ನ: ಸೇವಂತಿಗೆ ಬಳಗದ ಕಾಡುಗಿಡಗಳು

ಕಾಮರ್ಸಿನವನಿಗೆ ಕಳೆಗಿಡದ ಉಸಾಬರಿ ಏಕೆ ಎಂದು ಕೇಳುವ ಮಿತ್ರರಿಗೆ ಮೊದಲೇ ಹೇಳಿಬಿಡುತ್ತೇನೆ. ಗಣೇಶ ಚೌತಿ ಬಂತು ಅಂದರೆ ಪುಣೆಯಲ್ಲಿ ಪತ್ರಿ ತರುವ ಕೆಲಸ ನಮ್ಮಂಥ ಹುಡುಗರ ಪಾಲಿಗೇ ಬರೋದು. ಮಂಡಯಿಯಲ್ಲಿ ಕಟ್ಟು ಕಟ್ಟಾಗಿ ಸಿಗುತ್ತದೆ, ನಿಜ. ಆದರೆ ದುಡ್ಡು ಉಳಿಸೋಣ ಅಂತ ಕಾಲುವೆ ದಂಡೆಗೆ, ಖಾಲಿ ನಿವೇಶನಕ್ಕೆ ಹೋಗಿ ಕಿತ್ತು ತರುವವರೂ ಇದ್ದಾರೆ. ಪೂಜೆಗೆ ಬೇಕಾದ ಗರುಗ, ಮಾಚಿಪತ್ರೆ ಎರಡೂ ಸೇವಂತಿಗೆಯ ಕುಟುಂಬದವು. ಮೈಯೆಲ್ಲ ಕೆರೆಸುವ ಕಾಂಗ್ರೆಸ್ ಗಿಡವೂ ಅದೇ ಕುಟುಂಬ! ಸಸ್ಯಶಾಸ್ತ್ರದವರು ಇದನ್ನು ಆಸ್ಟರೇಸೀ ಎನ್ನುತ್ತಾರೆ. ಹಳೆಯ ಪುಸ್ತಕಗಳಲ್ಲಿ ಕಂಪಾಸಿಟೀ.

ಕುಟುಂಬದ ಗುರುತು ಹಿಡಿಯಲು ಕಾಡಿಗೆ ಹೋಗಬೇಕಿಲ್ಲ, ಬಾಗಿಲ ತೋರಣದ ಚೆಂಡುಹೂ ಸಾಕು. ಒಂದು ಎಸಳು ಕಿತ್ತು ನೋಡಿ. ಬುಡದಲ್ಲಿ ಸಣ್ಣ ಕಡ್ಡಿಯಂಥದ್ದು ಅಂಟಿಕೊಂಡೇ ಬರುತ್ತದೆ. ಅದೇ ಅಂಡಾಶಯ, ಬಲಿತು ಒಣಗಿದರೆ ಬೀಜ. ಗುಲಾಬಿಯ ಎಸಳನ್ನು ಬಿತ್ತಿದರೆ ಏನೂ ಹುಟ್ಟುವುದಿಲ್ಲ. ಚೆಂಡುಹೂವಿನಲ್ಲಿ ನಾವು ಎಸಳು ಅನ್ನುವುದು ಎಸಳಲ್ಲ, ಒಂದು ಪೂರ್ತಿ ಹೂ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದು ಒಬ್ಬನ ಅಂಗಡಿಯಲ್ಲ, ಜಾಯಿಂಟ್ ಸ್ಟಾಕ್ ಕಂಪೆನಿ: ಷೇರುದಾರರು ನೂರಾರು, ಹೊರಗೆ ಬೋರ್ಡು ಒಂದೇ. ಸುತ್ತಲೂ ಹಸಿರು ಪಕಳೆಗಳ ಬೇಲಿ.

ಹೂಗಳ ಗುಂಪು ಇದ್ದ ಮಾತ್ರಕ್ಕೆ ಈ ಕುಟುಂಬವಾಗುವುದಿಲ್ಲ. ಮುಟ್ಟಿದರೆ ಮುನಿಯ ಗುಲಾಬಿ ಚೆಂಡೂ ಗುಂಪೇ. ಆದರೆ ಅಲ್ಲಿ ಕೇಸರಗಳು ಬಿಡಿಬಿಡಿಯಾಗಿ ಹೊರಗೆ ಚಾಚಿರುತ್ತವೆ. ಸೇವಂತಿಗೆ ಬಳಗದಲ್ಲಿ ಐದು ಪರಾಗಕೋಶಗಳು ಒಂದಕ್ಕೊಂದು ಅಂಟಿ ಕೊಳವೆಯಾಗಿರುತ್ತವೆ. ಭೂತಗನ್ನಡಿಯಲ್ಲಿ ಚೆನ್ನಾಗಿ ಕಾಣುತ್ತದೆ.

ಒಳಗಿನ ಹೂಗಳಲ್ಲಿ ಎರಡು ಜಾತಿ. ನಡುವೆ ಕೊಳವೆಯಂಥವು, ಅಂಚಿನಲ್ಲಿ ನಾಲಿಗೆಯಂಥವು. ಸೂರ್ಯಕಾಂತಿಯಲ್ಲಿ ಎರಡೂ ಉಂಟು. ನಾಯಿತುಳಸಿ, ಸಹದೇವಿಗಳಲ್ಲಿ ಬರೀ ಕೊಳವೆ. ಗೋಡೆ ಬುಡದಲ್ಲಿ ಹಳದಿ ಹೂ ಬಿಡುವ, ಮರಾಠಿಯವರ ಪಾಥರಿಯಲ್ಲಿ ಬರೀ ನಾಲಿಗೆ; ಮುರಿದರೆ ಹಾಲು ಬರುತ್ತದೆ.

ಈಗ ಗರುಗ. ಇಲ್ಲಿ ಅದಕ್ಕೆ ಮಾಕಾ ಅಂತಾರೆ. ನೀರು ನಿಲ್ಲುವ ಕಡೆ ಬೆಳೆಯುತ್ತದೆ. ಎಲೆಗಳು ಎದುರುಬದುರು, ಉದ್ದನೆ, ಮುಟ್ಟಿದರೆ ಒರಟು. ಬಿಳಿ ಹೂಚೆಂಡಿನ ಅಂಚಿಗೆ ದಾರದಷ್ಟು ಸಪೂರ ನಾಲಿಗೆಗಳು. ಎಲೆ ಉಜ್ಜಿದರೆ ಸ್ವಲ್ಪ ಹೊತ್ತಿಗೆ ಬೆರಳು ಕಪ್ಪಾಗುತ್ತದೆ. ಅವ್ವ ಕೊಬ್ಬರಿ ಎಣ್ಣೆಗೆ ಹಾಕಿ ಕಾಸುತ್ತಿದ್ದ ಸೊಪ್ಪು ಇದೇ. ಇದರ ಬದಲು ಏಕದಾಂಡಿ ತರುವವರುಂಟು. ಅದರ ಗುರುತು ಸುಲಭ: ಗೇಣುದ್ದದ ಒಂಟಿ ದಂಟಿನ ತುದಿಗೆ ಒಂದೇ ಹೂಚೆಂಡು, ನಡುವೆ ಹಳದಿ, ಅಂಚಿನ ಕೆನೆಬಣ್ಣದ ನಾಲಿಗೆಗೆ ಮೂರು ಹಲ್ಲು. ವಿಜಯಪುರ ಜಿಲ್ಲೆಯ ನಮ್ಮ ಕನ್ನಡ ಶಾಲೆಯಲ್ಲಿ ಮೊಣಕಾಲು ತರಚಿದರೆ ಇದರ ರಸವನ್ನೇ ಹಿಂಡಿಕೊಳ್ಳುತ್ತಿದ್ದೆವು. ತಂದರೆ ಪತ್ರಿ ತಪ್ಪಿತೇ ಹೊರತು ಮೈಗೆ ಕೇಡಿಲ್ಲ.

ಕೇಡಿರುವುದು ಕಾಂಗ್ರೆಸ್ ಗಿಡದಲ್ಲಿ, ಅಂದರೆ ಪಾರ್ಥೇನಿಯಂನಲ್ಲಿ. ಮರಾಠಿಯಲ್ಲಿ ಗಾಜರ್ ಗವತ್. ಅಮೆರಿಕ ಖಂಡದಿಂದ ಬಂದ ಈ ಕಳೆ ನಮ್ಮ ದೇಶದಲ್ಲಿ ಹಬ್ಬತೊಡಗಿದ ಸುದ್ದಿ 1956ರಲ್ಲಿ ಹೊರಟದ್ದು ಇದೇ ಪುಣೆಯಿಂದ. ಹೂಚೆಂಡು ಜೋಳದ ಕಾಳಿನಷ್ಟು, ಬಿಳಿ, ಅಂಚಿನಲ್ಲಿ ಐದೇ ಐದು ಪುಟ್ಟ ನಾಲಿಗೆ. ಬೀಜ ಕಟ್ಟುವುದೂ ಆ ಐದೇ. ಐದೇನು ಮಹಾ ಅನ್ನಬೇಡಿ, ಹೂಚೆಂಡುಗಳು ಸಾವಿರಾರು! ದೊಡ್ಡ ಗಿಡವೊಂದು ಹತ್ತು ಸಾವಿರಕ್ಕೂ ಮಿಕ್ಕಿ ಬೀಜ ಉದುರಿಸುತ್ತದೆ. ಇದನ್ನು ತಿನ್ನಲೆಂದು ಮೆಕ್ಸಿಕೋದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಮಳೆಗಾಲದಲ್ಲಿ ಅದು ಎಲೆ ಮೇಯುತ್ತದೆ, ಗಿಡವೇನೂ ತೀರಿಲ್ಲ.

ಹೂ ಬಿಟ್ಟಾಗ ಯಾರಿಗೂ ಗೊತ್ತಾಗುತ್ತದೆ. ಮೋಸ ಹೋಗುವುದು ಹೂ ಬರುವ ಮೊದಲು, ಮಾಚಿಪತ್ರೆ ಅಂತ ತಿಳಿದು. ಎರಡರ ಎಲೆಯೂ ಕತ್ತರಿಸಿದಂತೆ ಸೀಳುಸೀಳು. ವಾಸನೆ ನೋಡಲು ಉಜ್ಜಲೇಬೇಡಿ. ಕಡ್ಡಿಯಿಂದ ಎಲೆ ಮಗುಚಿ ಅಡಿಭಾಗ ನೋಡಿ. ಮಾಚಿಪತ್ರೆಯದಾದರೆ ಬೂದಿ ಸವರಿದ ಹಾಗೆ ಬೆಳ್ಳಗಿರುತ್ತದೆ. ಕಾಂಗ್ರೆಸ್ ಗಿಡದ್ದು ಎರಡೂ ಕಡೆ ಹಸಿರೇ. ಅಲ್ಲದೆ ಮಾಚಿಪತ್ರೆಯನ್ನು ಜನ ಅಂಗಳದಲ್ಲಿ, ಕುಂಡದಲ್ಲಿ ಬೆಳೆಸುವುದೇ ಹೆಚ್ಚು. ಕಸದ ಗುಂಡಿ ಪಕ್ಕ ಹುಲುಸಾಗಿ ನಿಂತಿದ್ದರೆ ಅನುಮಾನ ಇರಲಿ.

ಇಷ್ಟು ಒತ್ತಿ ಹೇಳಲು ಕಾರಣ ನಮ್ಮ ಕಾಕಾ. ಹೋಟೆಲಿನ ಹಿತ್ತಲು ಸವರುವ ಕೆಲಸ ಅವರದು. ಎರಡು ಮಳೆಗಾಲ ಬರಿಗೈಯಲ್ಲಿ ಕಿತ್ತರು, ಏನೂ ಆಗಲಿಲ್ಲ. ಮೂರನೆಯದರಲ್ಲಿ ಮೊಣಕೈ ಮಡಿಕೆ, ಕುತ್ತಿಗೆ, ಕಣ್ಣಿನ ರೆಪ್ಪೆ ಎಲ್ಲ ಕೆಂಪಗೆ ಬಾತು ನೀರು ಸುರಿಯಿತು. ಪಾರ್ಥೆನಿನ್ ಎಂಬ ವಸ್ತುವಿನ ಅಲರ್ಜಿ, ಮೈಗೆ ಒಮ್ಮೆ ಹತ್ತಿದರೆ ಬಿಡೋದು ಕಷ್ಟ, ಆ ಗಿಡದ ತಂಟೆಗೇ ಹೋಗಬೇಡಿ ಎಂದರು ವೈದ್ಯರು. ಹಾಗಾಗಿ, “ಹೋದ ವರ್ಷ ನನಗೇನೂ ಆಗಿಲ್ಲ” ಅನ್ನುವ ಗೆಳೆಯರ ಮಾತು ಲೆಕ್ಕಕ್ಕಿಲ್ಲ. ಕೀಳಲೇಬೇಕಾದರೆ ಹೂ ಬಿಡುವ ಮೊದಲು, ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ತುಂಬು ತೋಳಿನ ಅಂಗಿ ಹಾಕಿಕೊಂಡು ಕೀಳಿ. ಆಮೇಲೆ ಸೋಪು ಹಚ್ಚಿ ಕೈ ತೊಳೆದು, ಆ ಅಂಗಿಯನ್ನು ಬೇರೆಯಾಗಿಯೇ ಒಗೆಯಿರಿ.