ಬಸವಕಲ್ಯಾಣದಾಗ ಕುಂತವರಿಗೆ ಹುಮನಾಬಾದ್ ರೇಟು ಯಾಕ್ ಕಾಣ್ತದ?

ಹೋದ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್‌ಗೆ ನಾವು ನಾಲ್ಕು ಜನ ಸೇರಿ ಒಂದು ಸಣ್ಣ ವೆಬ್‌ಸೈಟ್ ಮಾಡಿದ್ವಿ. ಬಸವಕಲ್ಯಾಣ, ಹುಮನಾಬಾದ್ ಎರಡೂ ಎಪಿಎಂಸಿಗಳ ಸೋಯಾ, ತೊಗರಿ, ಕಡಲೆ ಧಾರಣೆ ತೋರಿಸೋದು ಅದರ ಕೆಲಸ. ಪುಟ ತೆರೆದವರು ಎಲ್ಲಿದ್ದಾರೆ ಅಂತ ತಾನೇ ಕಂಡುಹಿಡಿದು, ಹತ್ತಿರದ ಮಾರುಕಟ್ಟೆಯ ದರವನ್ನ ದೊಡ್ಡಕ್ಷರದಾಗ ಮೇಲೆ ಇಡಬೇಕು. ಇದು ನಮ್ಮ ಹೆಮ್ಮೆಯ ಫೀಚರ್. ಡೆಮೊ ಚಲೋ ಆಯ್ತು, ಮಾರ್ಕ್ಸೂ ಬಂತು.

ಒಂದು ವಾರಕ್ಕೆ ನಮ್ಮಲ್ಲೊಬ್ಬನ ಕಾಕಾ ಫೋನ್ ಮಾಡಿದರು. ಬಸವಕಲ್ಯಾಣದ ಪಕ್ಕದ ಹಳ್ಳಿಯವರು. "ತಮ್ಮಾ, ನಾ ಕಲ್ಯಾಣದ ಕಡೀನೇ ಇದ್ದೀನಿ, ನಿಮ್ಮ ಪುಟ ಹುಮನಾಬಾದ್ ರೇಟು ತೋರಸ್ಲಕತ್ತದ. ನಾ ಊರ ಹೆಸರು ನೋಡಲಿಲ್ಲ, ನಂಬರ್ ಅಷ್ಟೇ ನೋಡಿ ಟೆಂಪೋಕ್ಕ ಸೋಯಾ ಹೇರಿದೆ." ಅಡತ್ ಅಂಗಡಿಗೆ ಹೋದ ಮೇಲೆ ಗೊತ್ತಾಗಿದ್ದು, ಅವತ್ತು ಕಲ್ಯಾಣದ ದರ ಕಡಿಮೆ. ಹೇರಿದ ಮಾಲು ವಾಪಸ್ ಒಯ್ಯೋಕಾಗಲ್ಲ, ಮಾರಿ ಬಂದರು. ಬೈಯಲಿಲ್ಲ. ಬೈದಿದ್ದರೆ ನಮಗೆ ಸ್ವಲ್ಪ ಹಗುರ ಆಗ್ತಿತ್ತು.

ತಪ್ಪು ಎಲ್ಲಿ ಅಂತ ಹುಡುಕುತ್ತಾ ಕಲಿತದ್ದನ್ನ ಇಲ್ಲಿ ಬರೀತಿದ್ದೀವಿ. ಸ್ಥಳ ನೋಡಿ ವಿಷಯ ಬದಲಿಸೋ ಸೈಟ್ ಮಾಡೋ ಜೂನಿಯರ್‌ಗಳು ಇದೇ ಹಳ್ಳಕ್ಕೆ ಬೀಳೋದು ಬೇಡ.

ನಾವು ಬಳಸಿದ್ದು ಐಪಿ ವಿಳಾಸ. ಬ್ರೌಸರ್ ಸರ್ವರ್‌ಗೆ ರಿಕ್ವೆಸ್ಟ್ ಕಳಿಸಿದಾಗ ಐಪಿ ಹೇಗಿದ್ದರೂ ಬರ್ತದೆ, ಯಾರನ್ನೂ ಕೇಳಬೇಕಿಲ್ಲ. ಅದನ್ನ ಒಂದು ಡೇಟಾಬೇಸ್‌ಗೆ ಕೊಟ್ಟರೆ ಊರು, ಅಕ್ಷಾಂಶ, ರೇಖಾಂಶ ಸಿಗ್ತವೆ. ಆದರೆ ಐಪಿ ಅನ್ನೋದು ಪಿನ್‌ಕೋಡ್ ಅಲ್ಲ. 585327 ಅಂದರೆ ಬಸವಕಲ್ಯಾಣ, 585330 ಅಂದರೆ ಹುಮನಾಬಾದ್, ಅಂಚೆ ಇಲಾಖೆ ನೆಲಕ್ಕೆ ಕಟ್ಟಿದ ನಂಬರ್ ಅವು. ಐಪಿ ಹಾಗೆ ನೆಲಕ್ಕೆ ಅಂಟಿಲ್ಲ. ಏಷ್ಯಾ-ಪೆಸಿಫಿಕ್ ಭಾಗಕ್ಕೆ ಎಪಿನಿಕ್ ಅನ್ನೋ ಸಂಸ್ಥೆ ವಿಳಾಸಗಳನ್ನ ಹಂಚ್ತದೆ, ಭಾರತದಾಗ ಅದರ ಕೆಳಗೆ ಐಆರ್‌ಐಎನ್‌ಎನ್ ಇದೆ. ಅಲ್ಲಿಂದ ದೊಡ್ಡ ದೊಡ್ಡ ಬ್ಲಾಕ್‌ಗಳು ಟೆಲಿಕಾಂ ಕಂಪನಿಗಳಿಗೆ ಹೋಗ್ತವೆ. ಕಂಪನಿ ಯಾವ ವಿಳಾಸವನ್ನ ಯಾವ ಊರಾಗೆ ಬಳಸ್ತದೆ ಅಂತ ಬೋರ್ಡ್ ಹಾಕೋದಿಲ್ಲ. ಡೇಟಾಬೇಸ್‌ನವರು ಬಹುಮಟ್ಟಿಗೆ ಅಂದಾಜು ಮಾಡ್ತಾರೆ. ದೇಶದ ಮಟ್ಟಿಗೆ ಆ ಅಂದಾಜು ಸಾಮಾನ್ಯವಾಗಿ ಸರಿ. ತಾಲ್ಲೂಕಿನ ಮಟ್ಟಕ್ಕೆ ಇಳಿದರೆ ಕೈಕೊಡ್ತದೆ.

ಮೊಬೈಲ್ ಇಂಟರ್ನೆಟ್‌ನಾಗ ಇನ್ನೂ ಒಂದು ಗಂಟು ಇದೆ. ಐಪಿವಿ4 ವಿಳಾಸಗಳು ಸಾಲದೇ ಇರೋದ್ರಿಂದ ಕಂಪನಿಗಳು ಸಾವಿರಾರು ಫೋನ್‌ಗಳನ್ನ ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂಡಿಸ್ತವೆ. ಇದಕ್ಕೆ ಕ್ಯಾರಿಯರ್ ಗ್ರೇಡ್ ನ್ಯಾಟ್ ಅಂತಾರೆ. ಇಂಥ ಬಳಕೆಗೆ ಅಂತಲೇ 2012ರಲ್ಲಿ ಆರ್‌ಎಫ್‌ಸಿ 6598 ಮೂಲಕ 100.64.0.0/10 ಬ್ಲಾಕನ್ನ ಮೀಸಲಿಟ್ಟರು. 2ರ ಘಾತ 22, ಅಂದರೆ 41,94,304 ವಿಳಾಸ. ಆ ನ್ಯಾಟ್ ಪೆಟ್ಟಿಗೆ ಇರೋದು ದೊಡ್ಡ ನಗರದ ಡೇಟಾ ಸೆಂಟರ್‌ನಾಗ. ಕಾಕಾನ ಫೋನ್ ಇರೋದು ಹೊಲದಾಗ, ಅವರ ರಿಕ್ವೆಸ್ಟ್ ಇಂಟರ್ನೆಟ್‌ಗೆ ಕಾಲಿಡೋದು ಹೈದರಾಬಾದ್‌ನಾಗೋ ಬೆಂಗಳೂರಾಗೋ. ಸರ್ವರ್‌ಗೆ ಕಾಣೋದು ಆ ಬಾಗಿಲು ಮಾತ್ರ.

ಈಗ ನಮ್ಮ ಕೋಡ್ ನೋಡ್ರಿ. ಬಂದ ಬಿಂದುವಿನಿಂದ ಎರಡೂ ಊರಿಗೆ ಹ್ಯಾವರ್‌ಸೈನ್ ಸೂತ್ರದಿಂದ ದೂರ ತೆಗೆದು, ಕಡಿಮೆ ಇರೋದನ್ನ ಆರಿಸೋದು. ಬಸವಕಲ್ಯಾಣ ಸುಮಾರು 17.87 ಉತ್ತರ, 76.95 ಪೂರ್ವ. ಹುಮನಾಬಾದ್ 17.77, 77.13. ನೇರ ಗೆರೆಯಲ್ಲಿ ಎರಡರ ನಡುವೆ ಸುಮಾರು 22 ಕಿ.ಮೀ. ಐಪಿ ಹೈದರಾಬಾದ್ ಅಂತ ಬಂದರೆ ಕಲ್ಯಾಣಕ್ಕೆ ಸುಮಾರು 171, ಹುಮನಾಬಾದ್‌ಗೆ 150. ಬೆಂಗಳೂರು ಅಂತ ಬಂದರೆ 548 ಮತ್ತು 535. ಎರಡೂ ಸಲ ಗೆಲ್ಲೋದು ಹುಮನಾಬಾದ್! ಮುಂಬೈ ಅಂತ ಬಂದರೆ ಉಲ್ಟಾ: ಕಲ್ಯಾಣ 449, ಹುಮನಾಬಾದ್ 471. ಅಂದರೆ ನಮ್ಮ ಪುಟ ರೈತ ಎಲ್ಲಿದ್ದಾನೆ ಅಂತ ಹೇಳ್ತಾನೇ ಇರಲಿಲ್ಲ. ಅವನ ಸಿಮ್ ಕಂಪನಿಯ ಗೇಟ್‌ವೇ ಯಾವ ನಗರದಾಗ ಅದ ಅಂತ ಹೇಳ್ತಿತ್ತು. ಗಣಿತದಾಗ ತಪ್ಪಿಲ್ಲ, ಕೋಡ್‌ನಾಗ ಬಗ್ ಇಲ್ಲ, ಉತ್ತರ ಮಾತ್ರ ಸುಳ್ಳು. ಡೆಮೊದಾಗ ಸಿಕ್ಕಿಬೀಳದೇ ಇದ್ದದ್ದಕ್ಕೂ ಕಾರಣ ಇದೇ. ನಾವು ಪರೀಕ್ಷೆ ಮಾಡಿದ್ದು ಹುಮನಾಬಾದ್‌ನ ರೂಮಿನಾಗ ಕುಂತು.

ಒಳ್ಳೆ ಡೇಟಾಬೇಸ್‌ಗಳು ಅಕ್ಷಾಂಶ, ರೇಖಾಂಶದ ಜೊತೆ ನಿಖರತೆಯ ತ್ರಿಜ್ಯವನ್ನೂ ಕೊಡ್ತವೆ, ಕಿ.ಮೀ. ಲೆಕ್ಕದಲ್ಲಿ. ನಾವು ಆ ಕಾಲಂ ಓದೇ ಇರಲಿಲ್ಲ. ಬಿಂದುವನ್ನ ಬಿಂದು ಅಂತ ನಂಬೋದು ಎಂಥ ಅಪಾಯ ಅನ್ನೋದಕ್ಕೆ ಅಮೆರಿಕದ ಕತೆಯೊಂದು ಇದೆ. ಮ್ಯಾಕ್ಸ್‌ಮೈಂಡ್ ಕಂಪನಿಯ ಡೇಟಾಬೇಸ್‌ನಾಗ, ಅಮೆರಿಕದೊಳಗೆ ಎಲ್ಲೋ ಇದೆ ಅನ್ನೋದಷ್ಟೇ ಗೊತ್ತಿದ್ದ ಐಪಿಗಳಿಗೆಲ್ಲ ದೇಶದ ನಡುವಿನ ಒಂದು ಬಿಂದು ಕೊಟ್ಟಿದ್ದರು. ಆ ಬಿಂದು ಕ್ಯಾನ್ಸಸ್‌ನ ಒಂದು ತೋಟದ ಮನೆ ಹತ್ತಿರ ಬಿತ್ತು. ಎಲ್ಲೆಲ್ಲಿಯದೋ ಮೋಸಕ್ಕೆ ಪೊಲೀಸರು ಆ ಮನೆ ಬಾಗಿಲು ಬಡೀತಿದ್ದರು. 2016ರಲ್ಲಿ ಸುದ್ದಿ ಹೊರಬಿದ್ದ ಮೇಲೆ ಕಂಪನಿ ಬಿಂದುವನ್ನ ನೀರಿನ ನಡುವೆ ಸರಿಸಿತು.

ಹಾಗಾದ್ರೆ ಜಿಪಿಎಸ್ ಬಳಸ್ರಿ ಅಂತೀರಿ. ಬ್ರೌಸರ್‌ನ ಜಿಯೋಲೊಕೇಶನ್ ಎಪಿಐ ಅನುಮತಿ ಕೇಳ್ತದೆ, ಎಚ್‌ಟಿಟಿಪಿಎಸ್ ಇಲ್ಲದ ಪುಟಕ್ಕೆ ಕ್ರೋಮ್ 2016ರಿಂದ ಕೊಡೋದಿಲ್ಲ. ಪುಟ ತೆರೆದ ತಕ್ಷಣ ಅನುಮತಿ ಕೇಳಿದರೆ ಜನ ಹೆದರಿ ಬೇಡ ಅಂತ ಒತ್ತಿಬಿಡ್ತಾರೆ. ಅದಕ್ಕೆ ಈಗ "ನನ್ನ ಹತ್ತಿರದ ಮಾರುಕಟ್ಟೆ ಹುಡುಕು" ಅನ್ನೋ ಬಟನ್ ಒತ್ತಿದ ಮೇಲಷ್ಟೇ ಕೇಳ್ತೀವಿ. ಬಂದ ಉತ್ತರದ ಜೊತೆ ನಿಖರತೆ ಮೀಟರ್‌ನಾಗ ಇರ್ತದೆ. ಅದು 10 ಕಿ.ಮೀ. ದಾಟಿದರೆ 22 ಕಿ.ಮೀ. ಅಂತರದ ಎರಡು ಊರಾಗ ಒಂದನ್ನ ಆರಿಸೋ ಹಕ್ಕು ನಮ್ಮ ಕೋಡ್‌ಗೆ ಇಲ್ಲ, ಎರಡೂ ದರ ಪಕ್ಕಪಕ್ಕ ತೋರಿಸ್ತೀವಿ. ಓದುಗರು ಒಮ್ಮೆ ಊರು ಆರಿಸಿದರೆ ಅದು ಅವರ ಫೋನ್‌ನಲ್ಲೇ ಉಳೀತದೆ, ನಮ್ಮ ಸರ್ವರ್‌ಗೆ ಬರಲ್ಲ. ಊರ ಹೆಸರು ಈಗ ದರಕ್ಕಿಂತ ದೊಡ್ಡ ಅಕ್ಷರದಾಗ ಇದೆ.

ಕನ್ನಡ ಸಂಘದ ಪತ್ರಿಕೆ ಆದ್ದರಿಂದ ಭಾಷೆಯ ಮಾತು ಬಿಡೋಕಾಗಲ್ಲ. ಸ್ಥಳ ನೋಡಿ ಭಾಷೆ ಬದಲಿಸೋ ಸೈಟ್‌ಗಳು ಬಹಳ. ಹೈದರಾಬಾದ್ ಐಪಿ ಅಂದರೆ ತೆಲುಗು, ಮುಂಬೈ ಅಂದರೆ ಮರಾಠಿ. ಇದೇ ತರ್ಕ ನಡೆದರೆ ನಮ್ಮ ಕಾಕಾಗೆ ಸೋಯಾ ದರ ತೆಲುಗಿನಾಗ ಬರ್ತಿತ್ತು. ಬೀದರ್ ಜಿಲ್ಲೆಗೆ ಗಡಿಯೇ ಹೊಸದು: 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹಳೇ ಜಿಲ್ಲೆಯ ಉದಗೀರ್, ನಿಲಂಗಾ ಮುಂಬೈ ರಾಜ್ಯಕ್ಕೆ ಹೋದವು, ಜಹೀರಾಬಾದ್ ಆಂಧ್ರಕ್ಕೆ, ಹುಮನಾಬಾದ್, ಭಾಲ್ಕಿ ಕಡೆಯವರು ಮೈಸೂರಿಗೆ. ಒಂದೇ ಓಣಿಯಾಗ ಕನ್ನಡ, ಮರಾಠಿ, ಉರ್ದು ಕೇಳೋ ಊರುಗಳಿವು. ಬ್ರೌಸರ್ ತನ್ನ ಭಾಷೆಯ ಆದ್ಯತೆಯನ್ನ ಆಕ್ಸೆಪ್ಟ್-ಲ್ಯಾಂಗ್ವೇಜ್ ಹೆಡರ್‌ನಾಗ ಹೇಳ್ತದೆ, ಕೇಳಬೇಕಾದ್ದು ಅದನ್ನ. ಆದರೆ ಅನೇಕರ ಫೋನ್ ಇಂಗ್ಲಿಷ್ ಸೆಟ್ಟಿಂಗ್‌ನಲ್ಲೇ ಇರೋದ್ರಿಂದ ಅದೂ ಪೂರ್ತಿ ನಂಬಿಕೆಯದಲ್ಲ. ನಾವು ಕನ್ನಡದಾಗ ಶುರು ಮಾಡಿ, ಮೇಲೆಯೇ ಮರಾಠಿ, ಉರ್ದು ಬಟನ್ ಇಟ್ಟೀವಿ. ಬಟನ್ ಮೇಲೆ ಆ ಭಾಷೆಯ ಹೆಸರು ಅದರದೇ ಲಿಪಿಯಲ್ಲಿದೆ.

ಇನ್ನೊಂದು ಚಿಕ್ಕ ಎಚ್ಚರಿಕೆ. ನಡುವೆ ಕ್ಯಾಶ್ ಇದ್ದರೆ, ಮೊದಲು ಬಂದವರ ಊರಿಗೆ ತಯಾರಾದ ಪುಟ ಎಲ್ಲರಿಗೂ ಹೋಗ್ತದೆ. ಎರಡು ಊರಿಗೆ ಎರಡು ಬೇರೆ ಯುಆರ್‌ಎಲ್ ಕೊಟ್ಟು ಈ ತಲೆನೋವು ಕಳಕೊಂಡ್ವಿ. ಗೂಗಲ್‌ನ ಕ್ರಾಲರ್ ಹೆಚ್ಚಾಗಿ ಅಮೆರಿಕದಿಂದ ಬರೋದ್ರಿಂದ, ಐಪಿ ನೋಡಿ ಬೇರೆ ಪುಟಕ್ಕೆ ತಳ್ಳಿದರೆ ಹುಡುಕಾಟದಾಗ ಒಂದು ಊರು ಕಾಣೆ ಆಗೋ ಅಪಾಯವೂ ಇತ್ತು.

ಹೊಸ ಪುಟವನ್ನ ಮೊದಲು ಕಾಕಾಗೇ ಕಳಿಸಿದ್ವಿ. ಎರಡು ದಿನ ಬಿಟ್ಟು ಉತ್ತರ ಬಂತು: "ಛಲೋ ಅದ ತಮ್ಮಾ. ಆದ್ರ ನಾವು ಸೋಯಾ ಲಾತೂರಿಗೂ ಒಯ್ತೀವಿ, ಅದರ ರೇಟು ಎಲ್ಲದ?" ಲಾತೂರು ಕಲ್ಯಾಣದಿಂದ ನೇರ ಗೆರೆಯಾಗೇ ಸುಮಾರು 70 ಕಿ.ಮೀ., ಬೇರೆ ರಾಜ್ಯ. ಹತ್ತಿರದ್ದನ್ನ ಹುಡುಕೋ ಯಾವ ಸೂತ್ರವೂ ಅದನ್ನ ತೋರಿಸ್ತಿರಲಿಲ್ಲ. ಈ ವಾರ ಆ ಕಾಲಂ ಸೇರಿಸ್ತಾ ಇದ್ದೀವಿ.