ಮುಚ್ಚಿದ ಬಟ್ಟಲು, ತೆರೆದ ಬಟ್ಟಲು

ಹೆಡ್‌ಫೋನುಗಳಲ್ಲಿ ಆಕಾರಗಳು ಹಲವು, ಬೆಲೆಗಳು ಹಲವು. ಆದರೆ ಅವುಗಳ ನಾದವನ್ನು ಬಹುಮಟ್ಟಿಗೆ ನಿರ್ಧರಿಸುವ ಭೇದ ಒಂದೇ. ಕಿವಿಯ ಮೇಲೆ ಕೂರುವ ಬಟ್ಟಲಿನ ಬೆನ್ನು ಮುಚ್ಚಿದೆಯೋ ತೆರೆದಿದೆಯೋ ಎಂಬುದು. ನಮ್ಮ ಕಾಲೇಜಿನ ಮರಗಳ ಕೆಳಗೆ ದಿನವೂ ನಡೆಯುವ ಚರ್ಚೆಗಳಲ್ಲಿ ಹೆಡ್‌ಫೋನಿನ ಬಣ್ಣದ ಮಾತು ಬರುತ್ತದೆ, ಬೆಲೆಯ ಮಾತು ಬರುತ್ತದೆ, ಈ ಮಾತು ಮಾತ್ರ ಬರುವುದಿಲ್ಲ. ಭೌತಶಾಸ್ತ್ರಕ್ಕೆ ಸೇರಿದ ವಿಷಯವನ್ನು ಬಿ.ಎ. ವಿದ್ಯಾರ್ಥಿ ಏತಕ್ಕೆ ಎತ್ತಿಕೊಂಡನೆಂದು ಅಧ್ಯಾಪಕರು ಹುಬ್ಬೇರಿಸಬಹುದು. ಕಾರಣ ಮುಂದೆ ತಾನಾಗಿಯೇ ತಿಳಿಯುತ್ತದೆ.

ಮೊದಲು ಯಂತ್ರದ ವಿಚಾರ. ಸಾಮಾನ್ಯ ಹೆಡ್‌ಫೋನಿನ ಒಳಗೆ ಒಂದು ತೆಳುವಾದ ಪೊರೆ, ಪೊರೆಗೆ ಅಂಟಿದ ತಂತಿಯ ಸುರುಳಿ, ಸುರುಳಿಯ ಬಳಿ ಒಂದು ಅಯಸ್ಕಾಂತ ಇರುತ್ತವೆ. ಸುರುಳಿಯಲ್ಲಿ ವಿದ್ಯುತ್ತು ಹರಿದಂತೆಲ್ಲ ಪೊರೆ ಹಿಂದಕ್ಕೂ ಮುಂದಕ್ಕೂ ಅಲುಗುತ್ತದೆ. ಅದು ಕಿವಿಯ ಕಡೆಗೆ ಗಾಳಿಯನ್ನು ನೂಕಿದ ಕ್ಷಣದಲ್ಲಿಯೇ ತನ್ನ ಬೆನ್ನ ಕಡೆಯ ಗಾಳಿಯನ್ನು ಸೆಳೆದುಕೊಳ್ಳುತ್ತದೆ. ಹೀಗೆ ಒಂದೇ ಪೊರೆಯಿಂದ ಎರಡು ಧ್ವನಿಗಳು ಹುಟ್ಟುತ್ತವೆ. ಒಂದರಲ್ಲಿ ಉಬ್ಬು ಇದ್ದಾಗ ಇನ್ನೊಂದರಲ್ಲಿ ತಗ್ಗು. ಕಿವಿಗೆ ಬೇಕಾದದ್ದು ಮೊದಲನೆಯದು ಮಾತ್ರ. ಹಾಗಾದರೆ ಬೆನ್ನಿನ ಧ್ವನಿಯನ್ನು ಏನು ಮಾಡಬೇಕು? ಈ ಪ್ರಶ್ನೆಗೆ ಕುಶಲಿಗಳು ಎರಡು ಉತ್ತರ ಕೊಟ್ಟಿದ್ದಾರೆ. ಕೂಡಿಹಾಕುವುದು ಒಂದು, ಹೊರಗೆ ಬಿಡುವುದು ಇನ್ನೊಂದು.

ಕೂಡಿಹಾಕಿದರೆ ಏನಾಗುತ್ತದೆ? ಹಳ್ಳಿಯಲ್ಲಿ ಬೆಳೆದವರು ಬರಿದಾದ ಗುಡಾಣದೊಳಗೆ ಬಾಯಿಟ್ಟು ಕೂಗಿ ನೋಡಿರಬಹುದು. ಕೂಗಿದ ಸ್ವರ ಹಾಗೆಯೇ ಹಿಂದಿರುಗುವುದಿಲ್ಲ. ಗುಡಾಣಕ್ಕೆ ಒಪ್ಪಿದ ಸ್ವರಗಳು ಉಬ್ಬಿ, ಒಪ್ಪದವು ಸೊರಗಿ, ಅದರದೇ ಆದ ಒಂದು ದನಿ ಕೇಳಿಸುತ್ತದೆ. ಮುಚ್ಚಿದ ಬಟ್ಟಲೂ ಒಂದು ಪುಟ್ಟ ಗುಡಾಣವೇ. ಲೆಕ್ಕ ಸರಳವಾಗಿದೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರು ಸಾಗುತ್ತದೆ. ಸೆಕೆಂಡಿಗೆ 100 ಕಂಪನಗಳುಳ್ಳ ಮಂದ್ರಸ್ವರದ ಒಂದು ಅಲೆಯ ಉದ್ದ ಸುಮಾರು 3.4 ಮೀಟರು, ಅಷ್ಟು ದೊಡ್ಡ ಅಲೆಗೆ ಬಟ್ಟಲು ಇದ್ದೂ ಇಲ್ಲದಂತೆ. ಆದರೆ 4000 ಕಂಪನಗಳ ಸ್ವರದ ಅಲೆ ಕೇವಲ 8.6 ಸೆಂಟಿಮೀಟರು, ಅದರ ಅರ್ಧ 4.3. ಬಟ್ಟಲಿನ ಅಳತೆಯೂ ಹೆಚ್ಚುಕಡಮೆ ಅಷ್ಟೇ. ಆದುದರಿಂದ ಈ ಎತ್ತರದ ಸ್ವರಗಳು ಬಟ್ಟಲಿನ ಗೋಡೆಗೆ ಬಡಿದು, ಮರಳಿ ಪೊರೆಯನ್ನು ಹಾದು, ಸ್ವಲ್ಪ ತಡವಾಗಿ ಕಿವಿಗೆ ಬರುತ್ತವೆ. ನಮ್ಮ ಮಾತಿನ ಸ, ಶ, ಚ ಮೊದಲಾದ ವ್ಯಂಜನಗಳ ಹರಿತ ಇರುವುದೂ ಈ ಎತ್ತರದ ಪ್ರದೇಶದಲ್ಲಿಯೇ. ಇದನ್ನು ತಡೆಯಲು ತಯಾರಕರು ಬಟ್ಟಲಿನೊಳಗೆ ಉಣ್ಣೆಯ ಹಾಳೆ, ಸ್ಪಂಜು ಮುಂತಾದುವನ್ನು ತುಂಬುತ್ತಾರೆ, ಗೋಡೆಗಳನ್ನು ಓರೆ ಮಾಡುತ್ತಾರೆ. ಪ್ರತಿಧ್ವನಿ ಕಡಮೆಯಾಗುತ್ತದೆ, ಪೂರ್ತಿ ಹೋಗುವುದು ಅಪರೂಪ.

ಮುಚ್ಚಿದ ಬಗೆಗೆ ಇನ್ನೊಂದು ಕಡೆಯಿಂದ ಲಾಭವಿದೆ. ಮೆತ್ತೆ ಕಿವಿಯ ಸುತ್ತ ಬಿಗಿಯಾಗಿ ಕೂತರೆ ಪೊರೆಗೂ ಕಿವಿಗೂ ನಡುವೆ ಸಿಕ್ಕಿಕೊಂಡ ಚಿಕ್ಕ ಗಾಳಿಯ ತುಂಡು ಒಂದು ಪಿಚಕಾರಿಯಂತಾಗುತ್ತದೆ. ಪೊರೆ ಎಷ್ಟು ನಿಧಾನವಾಗಿ ನೂಕಿದರೂ ಒತ್ತಡ ಬೇರೆಡೆಗೆ ಹೋಗಲಾರದು. ಹೀಗಾಗಿ ಮಂದ್ರಸ್ವರಗಳು ತುಂಬಿಕೊಂಡು ಬರುತ್ತವೆ. ತೆರೆದ ಬಗೆಯಲ್ಲಿ ಆ ಬಂಧನವಿಲ್ಲ. ಬೆನ್ನಿನ ತಗ್ಗು ಸುತ್ತಿಕೊಂಡು ಬಂದು ಮುಂದಿನ ಉಬ್ಬನ್ನು ತುಂಬಿಬಿಡಲು ಆಸ್ಪದವಿರುತ್ತದೆ. ಗಾಳಿಯಾಡುವ ಬಟ್ಟೆಯ ಮೆತ್ತೆಗಳಿಂದಲೂ ಒತ್ತಡ ಸೋರುತ್ತದೆ. ಆದಕಾರಣ ಹಲವು ತೆರೆದ ಹೆಡ್‌ಫೋನುಗಳಲ್ಲಿ ಅತಿ ಮಂದ್ರದ ಸ್ವರಗಳು ಕ್ರಮೇಣ ಸೊರಗುತ್ತವೆ. ಅಗಲವಾದ ಚಪ್ಪಟೆ ಪೊರೆಯ ಕೆಲವು ದುಬಾರಿ ಹೆಡ್‌ಫೋನುಗಳು ಇದಕ್ಕೆ ಅಪವಾದ. ಅವುಗಳ ಬೆಲೆ ಕೇಳಿದ ಮೇಲೆ ನಾನು ಅವುಗಳ ವಿಚಾರವನ್ನು ಮುಂದುವರಿಸಲಿಲ್ಲ.

ಚರಿತ್ರೆಯಲ್ಲಿ ಮುಚ್ಚಿದ ಬಗೆಯೇ ಹಿರಿಯದು. 1910ರ ಸುಮಾರಿಗೆ ಅಮೆರಿಕದ ನಥಾನಿಯಲ್ ಬಾಲ್ಡ್‌ವಿನ್ ಎಂಬಾತ ತನ್ನ ಕೈಯಾರೆ ಮಾಡಿದ ಹೆಡ್‌ಫೋನುಗಳನ್ನು ಅಲ್ಲಿನ ನೌಕಾಪಡೆ ಕೊಂಡುಕೊಂಡಿತು. ತಂತಿಯಿಲ್ಲದ ಸಂದೇಶವನ್ನು ಕೇಳುವವನಿಗೆ ಸಂಗೀತದ ಮಾಧುರ್ಯ ಬೇಕಿರಲಿಲ್ಲ, ಸಂಕೇತ ತಪ್ಪದೆ ಕೇಳಿಸಿದರೆ ಸಾಕಿತ್ತು. 1958ರಲ್ಲಿ ಜಾನ್ ಕಾಸ್ ಅದೇ ದೇಶದಲ್ಲಿ ಸ್ಟೀರಿಯೊ ಸಂಗೀತಕ್ಕೆಂದೇ ಹೆಡ್‌ಫೋನನ್ನು ಹೊರತಂದ. ಅದೂ ಮುಚ್ಚಿದ್ದೇ. ಬೆನ್ನನ್ನು ತೆರೆದಿಡುವ ಧೈರ್ಯ ಮಾಡಿ ಅದನ್ನು ಪೇಟೆಗೆ ತಂದದ್ದು ಜರ್ಮನಿಯ ಸೆನ್‌ಹೈಸರ್ ಕಂಪನಿ, 1968ರಲ್ಲಿ. ಎಚ್.ಡಿ. 414 ಎಂಬ ಆ ಹೆಡ್‌ಫೋನು ಹಗುರವಾಗಿತ್ತು, ಹಳದಿ ಸ್ಪಂಜಿನ ಮೆತ್ತೆಗಳಿಂದ ಮನೆಮಾತಾಯಿತು. 1979ರಲ್ಲಿ ಸೋನಿಯವರ ವಾಕ್‌ಮನ್ ಬಂದಾಗ ಜೊತೆಗೆ ಕೊಟ್ಟದ್ದೂ ಸ್ಪಂಜು ಹೊದಿಸಿದ ತೆರೆದ ಬಗೆಯ ಪುಟ್ಟ ಹೆಡ್‌ಫೋನೇ.

ಇನ್ನು ನಾನು ಕಿವಿಯಾರೆ ಕಂಡದ್ದು. ಸಂಜೆ ಧ್ವನಿಮುದ್ರಣದ ಅಂಗಡಿಯೊಂದರಲ್ಲಿ ದುಡಿಯುವ ಗೆಳೆಯನಲ್ಲಿ ಸೋನಿ ಎಂ.ಡಿ.ಆರ್. 7506 ಇದೆ, ಮುಚ್ಚಿದ ಬಗೆ, 1991ರಿಂದ ಪ್ರಸಿದ್ಧ, ಹಳೆಯ ಟೆಲಿಫೋನಿನಂತೆ ಸುರುಳಿಯಾದ ತಂತಿ. ನಮ್ಮ ಸಂಗೀತದ ಉಪನ್ಯಾಸಕರ ಬಳಿ ಸೆನ್‌ಹೈಸರ್ ಎಚ್.ಡಿ. 600 ಇದೆ, ತೆರೆದ ಬಗೆ, 1997ರಲ್ಲಿ ಬಂದದ್ದು, ಬೆನ್ನಿಗೆ ಲೋಹದ ಜಾಲರಿ ಮಾತ್ರ. ಎರಡನ್ನೂ ಒಂದು ವಾರ ಎರವಲು ಪಡೆದೆ. ಹೋಲಿಸುವವರಿಗೆ ಒಂದು ಎಚ್ಚರಿಕೆ ಅಗತ್ಯ. ಎರಡರಲ್ಲಿ ಯಾವುದು ತುಸು ಜೋರಾಗಿದ್ದರೂ ಅದೇ ಚೆನ್ನಾಗಿದೆಯೆಂದು ಕಿವಿ ಒಪ್ಪಿಬಿಡುತ್ತದೆ. ಎಚ್.ಡಿ. 600ರ ವಿದ್ಯುತ್ ತಡೆ 300 ಓಮ್, ಇನ್ನೊಂದರದು 63. ಒಂದೇ ಫೋನಿಗೆ ಸಿಕ್ಕಿಸಿದರೆ ಮೊದಲನೆಯದು ಮೆಲ್ಲಗೆ ಉಲಿಯುತ್ತದೆ. ಆದುದರಿಂದ ತಂಬೂರಿಯ ನಾದವೊಂದನ್ನೇ ಹಾಕಿಕೊಂಡು, ಎರಡೂ ಸಮನಾಗುವವರೆಗೆ ಪ್ರತಿಸಲವೂ ಧ್ವನಿಯನ್ನು ಹೊಂದಿಸಿ, ಅನಂತರವೇ ಹೋಲಿಸಿದೆ.

ತಂಬೂರಿಯನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಕುದುರೆಯ ಮೇಲೆ ತಂತಿಯ ಕೆಳಗೆ ಸಿಕ್ಕಿಸುವ ಜೀವಾಳದ ನೂಲಿನಿಂದಾಗಿ ಒಂದು ಮೀಟಿಗೆ ಮೂಲಸ್ವರದ ಮೇಲೆ ಅನುಸ್ವರಗಳ ಒಂದು ಸಾಲೇ ಅರಳುತ್ತದೆ. ಸರ್ ಸಿ.ವಿ. ರಾಮನ್ ಅವರು ಬೆಂಗಳೂರಿಗೆ ಬರುವ ಮುನ್ನವೇ, 1921ರಲ್ಲಿ, ತಂಬೂರಿ ಮತ್ತು ವೀಣೆಗಳ ಈ ವಿಶೇಷವನ್ನು ಕುರಿತು ಬರೆದಿದ್ದರು. ಕಿವಿಯ ಬಟ್ಟಲಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಬೇಡ. ತೆರೆದ ಹೆಡ್‌ಫೋನಿನಲ್ಲಿ ಅನುಸ್ವರಗಳು ಒಂದರ ಹಿಂದೊಂದು ಬಿಡಿಬಿಡಿಯಾಗಿ ಎದ್ದು, ತೇಲಿ, ಆರಿಹೋಗುತ್ತವೆ. ಮುಚ್ಚಿದುದರಲ್ಲಿ ಅವೇ ಸ್ವರಗಳು ಇನ್ನೂ ಹೊಳಪಾಗಿ, ಹತ್ತಿರವಾಗಿ ಕೇಳಿಸಿದರೂ ಒಂದರ ಮೇಲೊಂದು ಸ್ವಲ್ಪ ನೂಕಾಡುತ್ತವೆ. ಮೃದಂಗಕ್ಕೆ ಬಂದರೆ ತೀರ್ಪು ತಿರುಗುತ್ತದೆ. ಎಡಮೂತಿಗೆ ರವೆ ಮೆತ್ತಿ ಬಾರಿಸಿದಾಗಿನ ಆ ತುಂಬುಗುಮುಕು ಮುಚ್ಚಿದ ಬಟ್ಟಲಿನಲ್ಲಿ ಎದೆಯ ಬಳಿಯೇ ಹುಟ್ಟಿದಂತಿತ್ತು. ತೆರೆದುದರಲ್ಲಿ ಗುಮುಕಿನ ಆಕಾರ ಸ್ಪಷ್ಟ, ಭಾರ ಕಡಮೆ. ಕಚೇರಿಯ ಮುದ್ರಣವನ್ನು ಕೇಳಿದಾಗ ತೆರೆದದ್ದು ಜಗಲಿಯಲ್ಲಿ ಕೂತು ಕೇಳಿದಂತೆ, ಮುಚ್ಚಿದ್ದು ಬಾಗಿಲು ಹಾಕಿದ ನಡುಮನೆಯಲ್ಲಿ ಕೂತು ಕೇಳಿದಂತೆ ಎಂದು ಬರೆದುಕೊಂಡಿದ್ದೇನೆ.

ಈ ಜಗಲಿಯ ಅನುಭವವನ್ನು ಸ್ವಲ್ಪ ಕೆದಕಿ ನೋಡಬೇಕು. ಎದುರಿಗೆ ಎರಡು ಧ್ವನಿವರ್ಧಕಗಳಿದ್ದರೆ ಎಡದ ಪೆಟ್ಟಿಗೆಯ ಶಬ್ದ ಬಲಗಿವಿಗೂ ಕೊಂಚ ತಡವಾಗಿ ತಲುಪುತ್ತದೆ, ಕೋಣೆಯ ಗೋಡೆಗಳೂ ಸೇರಿಕೊಳ್ಳುತ್ತವೆ. ಅದರಿಂದಲೇ ಶಬ್ದ ಹೊರಗಿದೆಯೆಂದು ಮಿದುಳು ಅರಿಯುವುದು. ಹೆಡ್‌ಫೋನಿನಲ್ಲಿ ಎಡದ್ದು ಎಡಕ್ಕೇ, ಬಲದ್ದು ಬಲಕ್ಕೇ. ಆದುದರಿಂದ ಯಾವ ಬಗೆಯಲ್ಲೇ ಆಗಲಿ ಗಾಯಕ ನಮ್ಮ ತಲೆಯೊಳಗೇ ಕೂತು ಹಾಡುತ್ತಾನೆ. ತೆರೆದ ಹೆಡ್‌ಫೋನು ಗಾಯಕನನ್ನು ವೇದಿಕೆಯ ಮೇಲೆ ನಿಲ್ಲಿಸುತ್ತದೆ ಎಂಬ ವರ್ಣನೆ ನನಗೆ ಅತಿಶಯೋಕ್ತಿಯಾಗಿ ತೋರುತ್ತದೆ. ಅದು ಮಾಡುವುದು ಬೇರೆ: ನಾವು ಕೂತಿರುವ ಕೋಣೆಯನ್ನು ನಮ್ಮಿಂದ ಕಸಿದುಕೊಳ್ಳುವುದಿಲ್ಲ. ಫ್ಯಾನಿನ ಸದ್ದು, ಕಾಗದದ ಸರಸರ, ನಮ್ಮದೇ ಉಸಿರು ಇವೆಲ್ಲ ಮೊದಲಿನಂತೆಯೇ ಕೇಳುತ್ತಿರುವುದರಿಂದ ಸಂಗೀತವೂ ಅದೇ ಗಾಳಿಯಲ್ಲಿ ಇದೆಯೆಂದು ಮನಸ್ಸು ಒಪ್ಪುತ್ತದೆ.

ನನ್ನ ಈ ಊಹೆಗೆ ಬಲ ಬಂದದ್ದು ಸಂಗೀತದಿಂದಲ್ಲ, ನಮ್ಮಜ್ಜಿಯಿಂದ. ಜಾನಪದದ ಪ್ರಬಂಧಕ್ಕೆಂದು ಎರಡು ವರ್ಷದ ಹಿಂದೆ ಆಕೆಯ ಬೀಸುವ ಪದಗಳನ್ನು ಫೋನಿನಲ್ಲಿ ಹಿಡಿದಿಟ್ಟಿದ್ದೆ. ನಮ್ಮ ಮನೆಯಲ್ಲಿ ಅಕ್ಷರ ಕಲಿತು ಇಷ್ಟು ದೂರ ಬಂದವನು ನಾನೊಬ್ಬನೇ. ಆ ಪದಗಳು ಬರಹಕ್ಕಿಳಿಯಬೇಕಾದರೆ ನಾನೇ ಇಳಿಸಬೇಕು. ಅಜ್ಜಿಗೆ ಈಗ ಉಬ್ಬಸ. ಎರಡು ನುಡಿ ಹೇಳುವಷ್ಟರಲ್ಲಿ ಕೈಯಾಡಿಸಿ ಸಾಕೆನ್ನುತ್ತಾಳೆ. ಹಾಗಾಗಿ ಮುದ್ರಣದಲ್ಲಿ ಕೇಳಿಸದ ಮಾತನ್ನು ಮತ್ತೆ ಹಾಡಿಸಿ ತಿಳಿಯುವಂತಿಲ್ಲ. ಹಾಸ್ಟೆಲಿನ ಗದ್ದಲದಲ್ಲಿ ಒಂದು ಪದ ‘ಹೊನ್ನ’ವೋ ‘ಹೂವ’ವೋ ಎಂದು ಇಡೀ ತಿಂಗಳು ಖಾಲಿ ಬಿಟ್ಟಿದ್ದೆ. ಮುಚ್ಚಿದ ಹೆಡ್‌ಫೋನು ಹಾಕಿಕೊಂಡ ರಾತ್ರಿ ಅದು ‘ಹೊನ್ನ’ ಎಂದು ಒತ್ತಕ್ಷರದ ಸಮೇತ ಕೇಳಿತು. ಪಕ್ಕದ ಕೋಣೆಯ ಕ್ರಿಕೆಟ್ಟಿನ ಕೂಗು ಕುಗ್ಗಿತ್ತು, ಅವಳ ದನಿ ಕಿವಿಗೆ ತೀರ ಹತ್ತಿರವಿತ್ತು. ಆದರೆ ಬೀಸುವ ಕಲ್ಲಿನ ಗೊರಗೊರವೂ ಜೊತೆಯಲ್ಲಿಯೇ ಉಬ್ಬಿ, ಕೆಲವು ನುಡಿಗಳ ತುದಿಯನ್ನು ನುಂಗಿತ್ತು. ಆ ನುಡಿಗಳನ್ನು ಬಿಡಿಸಿಕೊಟ್ಟದ್ದು ಸಂಗೀತದ ಕೊಠಡಿಯ ಮೌನದಲ್ಲಿ ಕೇಳಿದ ತೆರೆದ ಹೆಡ್‌ಫೋನು. ಕಲ್ಲು ತುಸು ಹಿಂದೆ ಸರಿಯಿತು. ಕಲ್ಲಿನ ಮೇಲೆ ಅಜ್ಜಿಯ ದನಿ ಬೇರೆಯಾಗಿ ನಿಂತಿತು. ಹಿತ್ತಲಲ್ಲಿ ಕರುವಿನ ಕೊರಳ ಗಂಟೆ ಇತ್ತೆಂದು ಅಂದು ತಿಳಿಯಿತು. ಆ ಮುದ್ರಣದಲ್ಲಿ ಎಡಬಲಗಳ ಭೇದವೇ ಇಲ್ಲ, ಒಂದೇ ಎಳೆಯ ಧ್ವನಿ. ಆದಾಗ್ಯೂ ಬಯಲಿನ ಭಾವನೆ ಉಂಟಾಯಿತೆಂದರೆ, ಅದರ ಸ್ವಲ್ಪ ಪಾಲಾದರೂ ಕೇಳುವವನ ಸುತ್ತಲಿನ ಗಾಳಿಯಿಂದ ಬಂದದ್ದಾಗಿರಬೇಕು.

ಊರಿಗೆ ಹೋದಾಗ ಮುಚ್ಚಿದ ಹೆಡ್‌ಫೋನನ್ನು ಅಜ್ಜಿಗೇ ಹಾಕಿ ಅವಳ ಪದವನ್ನು ಕೇಳಿಸಿದೆ. ಅರೆಗಳಿಗೆ ಕೇಳಿ, “ಯಾರ್ಲಾ ಮಗಾ ಇದು?” ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. ಕೂಗಿದ ತನ್ನ ದನಿಗೆ ತಾನೇ ಬೆಚ್ಚಿ, “ಗುಡಾಣದೊಳಗೆ ಮಾತಾಡ್ದಂಗಾಯ್ತದೆ” ಎಂದು ತೆಗೆದಿಟ್ಟಳು. ಶಾಸ್ತ್ರ ಓದದವಳ ಈ ಮಾತು ಶಾಸ್ತ್ರಕ್ಕೆ ಸರಿಯಾಗಿದೆ. ನಾವು ಮಾತನಾಡಿದಾಗ ತಲೆಯ ಎಲುಬಿನ ಮೂಲಕ ಕಿವಿಯ ನಾಳಕ್ಕೆ ಬರುವ ಮಂದ್ರಧ್ವನಿ ಸಾಮಾನ್ಯವಾಗಿ ಹೊರಗೆ ಹೋಗಿಬಿಡುತ್ತದೆ. ಕಿವಿ ಮುಚ್ಚಿದರೆ ಅಲ್ಲಿಯೇ ನಿಂತು ಗುಂಯ್‌ಗುಡುತ್ತದೆ. ತೆರೆದ ಬಗೆಯಲ್ಲಿ ಈ ತೊಂದರೆ ಬಹಳ ಕಡಮೆ. ಇಷ್ಟಾದರೂ ಹಾಡುವವರು ಧ್ವನಿಮುದ್ರಣ ಮಂದಿರದಲ್ಲಿ ಧರಿಸುವುದು ಮುಚ್ಚಿದ್ದನ್ನೇ. ಇಲ್ಲವಾದರೆ ಹಿಮ್ಮೇಳದ ಸದ್ದು ಹೆಡ್‌ಫೋನಿನ ಬೆನ್ನಿನಿಂದ ಸೋರಿ ಎದುರಿನ ಮೈಕಿಗೆ ಸೇರುತ್ತದೆ.

ಈ ಸೋರಿಕೆ ಎರಡು ಕಡೆಗೂ ನಡೆಯುವಂಥದು. ತೆರೆದ ಹೆಡ್‌ಫೋನು ಹಾಕಿ ಗ್ರಂಥಾಲಯದಲ್ಲಿ ಕೂತರೆ ನಮ್ಮ ಸಂಗೀತ ಪಕ್ಕದವರ ಪಾಲಿಗೆ ಸೊಳ್ಳೆಯ ಹಾಡು. ಬಸ್ಸಿನಲ್ಲಿ ಕೂತರೆ ಬಸ್ಸಿನ ಗದ್ದಲವೆಲ್ಲ ನಮ್ಮ ಪಾಲು. ಗದ್ದಲವನ್ನು ಗೆಲ್ಲಲು ಧ್ವನಿ ಏರಿಸುತ್ತೇವೆ. ಇಲ್ಲಿಯೇ ಅಪಾಯ. ವಯಸ್ಕರಿಗೆ ವಾರಕ್ಕೆ 40 ಗಂಟೆಗಳ ಕಾಲ 80 ಡೆಸಿಬೆಲ್‌ವರೆಗೆ ಕೇಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಮಿತಿ ಹಾಕಿದೆ. ಪ್ರತಿ 3 ಡೆಸಿಬೆಲ್ ಏರಿಕೆಗೂ ಕಾಲ ಅರ್ಧವಾಗುತ್ತದೆ: 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5, 92ಕ್ಕೆ ಎರಡೂವರೆ. ದಿನವೂ ಎರಡು ಗಂಟೆ ಬಸ್ಸಿನಲ್ಲಿ ಬಂದುಹೋಗುವ ನಮ್ಮ ಸಹಪಾಠಿಗಳು ಈ ಲೆಕ್ಕವನ್ನು ತಾವೇ ಹಾಕಿಕೊಳ್ಳಲಿ. ಹಾಸ್ಟೆಲಿನವರಿಗೂ ಬಸ್ಸಿನವರಿಗೂ ಮುಚ್ಚಿದ ಬಗೆಯೇ ಸರಿ ಎಂದು ನಾನು ನಿಸ್ಸಂದೇಹವಾಗಿ ಹೇಳುತ್ತೇನೆ. ನಾದದಲ್ಲಿ ಅದು ಮೇಲೆಂದಲ್ಲ, ಮೆಲ್ಲಗೆ ಕೇಳಲು ಅದು ಬಿಡುತ್ತದೆ ಎಂಬುದಕ್ಕಾಗಿ. ಇಂಜಿನ್ನಿನ ಮಂದ್ರದ ಗುಡುಗನ್ನು ಮಾತ್ರ ಅದೂ ಅಷ್ಟಾಗಿ ತಡೆಯಲಾರದು. ರಸ್ತೆ ದಾಟುವಾಗ ತೆಗೆದುಬಿಡಬೇಕೆಂದು ಬೇರೆ ಹೇಳಬೇಕಾಗಿಲ್ಲ. ತಮ್ಮದೇ ನಿಶ್ಶಬ್ದವಾದ ಕೋಣೆಯುಳ್ಳ ಭಾಗ್ಯವಂತರು ತೆರೆದುದನ್ನು ಕೊಳ್ಳಬಹುದು.

ಅಂಗಡಿಯಲ್ಲಿ ಯಾವುದು ಯಾವ ಬಗೆಯೆಂದು ತಿಳಿಯಲು ಡಬ್ಬಿಯ ಮೇಲಿನ ಬರಹವನ್ನೇ ನಂಬಬೇಕಾಗಿಲ್ಲ. ಜಾಲರಿ ಕಂಡಮಾತ್ರಕ್ಕೆ ತೆರೆದದ್ದೆನ್ನಲಾಗದು. ಕೆಲವು ಅಲಂಕಾರದ ಜಾಲರಿಗಳ ಹಿಂದೆ ಗಟ್ಟಿ ಗೋಡೆಯಿರುತ್ತದೆ. ಅರ್ಧ ತೆರೆದ ಮೂರನೆಯ ಬಗೆಯೂ ಉಂಟು. ಹೆಡ್‌ಫೋನು ಹಾಕಿಕೊಂಡು ಹಾಡು ನಡೆಯುತ್ತಿರುವಾಗ ಎರಡು ಬಟ್ಟಲುಗಳ ಬೆನ್ನಿಗೂ ಅಂಗೈಗಳನ್ನು ಮೆಲ್ಲಗೆ ತನ್ನಿರಿ. ನಾದದ ಬಣ್ಣ ಬದಲಾದರೆ ತೆರೆದದ್ದು. ಏನೂ ಬದಲಾಗದಿದ್ದರೆ ಮುಚ್ಚಿದ್ದು. ಮುಚ್ಚಿದ್ದೆಂದು ತಿಳಿದ ಮೇಲೆ ಇನ್ನೊಂದು ಪರೀಕ್ಷೆ: ಮೃದಂಗವಿರುವ ಹಾಡು ಹಾಕಿ ಮೆತ್ತೆಯನ್ನು ಬೆರಳಿನಿಂದ ಕೊಂಚ ಒತ್ತಿ ನೋಡಿರಿ. ಒತ್ತಿದಾಗ ಮಂದ್ರ ತುಂಬಿಕೊಂಡರೆ ಎಲ್ಲೋ ಗಾಳಿ ಸೋರುತ್ತಿದೆ; ಬಹುಶಃ ಕನ್ನಡಕದ ಕಡ್ಡಿಯ ಬಳಿ.