ಅಂಗಡಿಯೇ ಪಾಠಶಾಲೆ: ವ್ಯವಹಾರ ಶಿಕ್ಷಣದ ಹೊಸ ಸಂಶೋಧನೆಗಳು ಮತ್ತು ಕಡೂರು-ತರೀಕೆರೆ-ಅಜ್ಜಂಪುರ ಸೀಮೆ

ವ್ಯಾಪಾರವನ್ನು ಪಾಠ ಹೇಳಿ ಕಲಿಸಬಹುದೇ, ಇಲ್ಲವೇ ಅದು ಗಲ್ಲಾ ಪೆಟ್ಟಿಗೆಯ ಮುಂದೆ ಕುಳಿತೇ ಬರಬೇಕಾದ ವಿದ್ಯೆಯೇ ಎಂಬ ಪ್ರಶ್ನೆ ವರ್ತಕ ಸಮುದಾಯದಲ್ಲಿ ಬಹಳ ಹಿಂದಿನಿಂದಲೂ ಇದೆ. ಕಾಲೇಜಿನವರು ಮೊದಲನೆಯದನ್ನು ಸಮರ್ಥಿಸಿದರೆ, ಮಂಡಿಯವರು ಎರಡನೆಯದನ್ನು ಒಪ್ಪುತ್ತಾರೆ. ಕಳೆದ ಕೆಲವು ದಶಕಗಳಲ್ಲಿ ನಡೆದ ಸಂಶೋಧನೆಗಳು ಇವೆರಡರ ನಡುವಿನ ಮಾರ್ಗವೊಂದನ್ನು ತೋರಿಸಿಕೊಟ್ಟಿವೆ. ಆ ಮಾರ್ಗ ಸಣ್ಣ ಊರುಗಳ ವರ್ತಕರಿಗೆ ಹಾಗೂ ಸಣ್ಣ ಕೈಗಾರಿಕೆಗಳಿಗೆ ಹೆಚ್ಚು ಪ್ರಯೋಜನಕಾರಿ ಎಂಬುದೇ ಇಲ್ಲಿನ ವಿಚಾರ.

ಸೀಮೆಯ ಸ್ವರೂಪ

ಚಿಕ್ಕಮಗಳೂರು ಜಿಲ್ಲೆಯ ಬಯಲು ಭಾಗದಲ್ಲಿ ಬೀರೂರು ಜಂಕ್ಷನ್ ಇದೆ. ಅಲ್ಲಿಂದ ಒಂದು ರೈಲು ಮಾರ್ಗ ತರೀಕೆರೆಯ ಮೂಲಕ ಶಿವಮೊಗ್ಗಕ್ಕೂ, ಇನ್ನೊಂದು ಅಜ್ಜಂಪುರದ ಮೂಲಕ ಚಿಕ್ಕಜಾಜೂರು, ಹುಬ್ಬಳ್ಳಿಯ ಕಡೆಗೂ ಸಾಗುತ್ತದೆ. ಬೆಂಗಳೂರಿನ ದಿಕ್ಕಿಗೆ ಹೊರಟರೆ ಮೊದಲು ಸಿಗುವುದು ಕಡೂರು. ಕಡೂರಿನ ತೆಂಗು ಮತ್ತು ಕೊಬ್ಬರಿ, ತರೀಕೆರೆಯ ಅಡಿಕೆ, ಅಜ್ಜಂಪುರದ ಈರುಳ್ಳಿ ಇವು ಈ ಮೂರು ಊರುಗಳ ವಹಿವಾಟಿನ ಬೆನ್ನೆಲುಬು. ಇವುಗಳ ಸುತ್ತ ಗೊಬ್ಬರ, ಬಿತ್ತನೆ ಬೀಜ, ಕಬ್ಬಿಣ, ಸಿಮೆಂಟು, ಜವಳಿ ಹಾಗೂ ಕಿರಾಣಿ ಅಂಗಡಿಗಳೂ, ಹಿಟ್ಟಿನ ಗಿರಣಿ, ಎಣ್ಣೆ ಗಾಣ, ಹಾಳೆ ತಟ್ಟೆ, ಬೆಸುಗೆ ಮುಂತಾದ ಸಣ್ಣ ಘಟಕಗಳೂ ಬೆಳೆದಿವೆ.

ಇಂತಹ ಊರುಗಳಲ್ಲಿ ವ್ಯಾಪಾರದ ವಿದ್ಯೆ ತಂದೆಯಿಂದ ಮಗನಿಗೆ, ಸಾಹುಕಾರರಿಂದ ಗುಮಾಸ್ತನಿಗೆ ಹರಿದು ಬಂದಿದೆ. ಸರಕಿನ ಗುಣ ನೋಡುವುದು, ಗಿರಾಕಿಯ ನಂಬಿಕೆ ಉಳಿಸಿಕೊಳ್ಳುವುದು, ಉದ್ರಿ ಯಾರಿಗೆ ಕೊಡಬೇಕು ಎಂದು ಅಳೆಯುವುದು ಇವೆಲ್ಲ ಆ ವಿದ್ಯೆಯ ಅಂಗಗಳು. ಆದರೆ 2017ರ ಜುಲೈ 1ರಿಂದ ಜಿ.ಎಸ್.ಟಿ. ಜಾರಿಗೆ ಬಂದ ಮೇಲೆ, ಮೊಬೈಲ್ ಮೂಲಕ ಹಣ ಪಾವತಿ ರೂಢಿಯಾದ ಮೇಲೆ ಅಷ್ಟೇ ವಿದ್ಯೆ ಸಾಲದಾಯಿತು. ಇತ್ತ ಮನೆಯ ಮಕ್ಕಳು ಬಿ.ಕಾಂ. ಓದಿರುತ್ತಾರೆ, ಆದರೆ ಓದಿದ ಲೆಕ್ಕಶಾಸ್ತ್ರವನ್ನು ತಮ್ಮದೇ ಅಂಗಡಿಯ ಲೆಕ್ಕಕ್ಕೆ ಹೊಂದಿಸುವ ಅಭ್ಯಾಸವಾಗಿರುವುದಿಲ್ಲ. ತಂದೆಯ ಅನುಭವ ಒಂದು ಕಡೆ, ಮಗನ ಅಥವಾ ಮಗಳ ಪದವಿ ಇನ್ನೊಂದು ಕಡೆ ಉಳಿದರೆ, ತಲೆಮಾರು ಬದಲಾಗುವ ಹೊತ್ತಿಗೆ ಅಂಗಡಿಯೇ ಮುಚ್ಚುವ ಅಪಾಯವಿದೆ. ಆದ್ದರಿಂದ ಬೋಧನಾ ಕ್ರಮದ ಪ್ರಶ್ನೆ ಕಾಲೇಜಿನ ಅಧ್ಯಾಪಕರಿಗೆ ಮಾತ್ರ ಸಂಬಂಧಿಸಿದ್ದಲ್ಲ.

ಬೋಧನಾ ಕ್ರಮ ನಡೆದು ಬಂದ ದಾರಿ

1908ರಲ್ಲಿ ಆರಂಭವಾದ ಅಮೆರಿಕದ ಹಾರ್ವರ್ಡ್ ಬಿಸಿನೆಸ್ ಸ್ಕೂಲ್, 1920ರ ದಶಕದಲ್ಲಿ ನಿದರ್ಶನ ಪದ್ಧತಿಯನ್ನು ಪ್ರಚಾರಕ್ಕೆ ತಂದಿತು. ಒಂದು ಸಂಸ್ಥೆಗೆ ಎದುರಾದ ನಿಜವಾದ ಸಮಸ್ಯೆಯನ್ನು ವಿದ್ಯಾರ್ಥಿಗಳ ಮುಂದಿಟ್ಟು, "ಆ ಜಾಗದಲ್ಲಿ ನೀವಿದ್ದರೆ ಏನು ತೀರ್ಮಾನಿಸುತ್ತಿದ್ದಿರಿ?" ಎಂದು ಚರ್ಚಿಸುವುದೇ ಈ ಪದ್ಧತಿ. 1961ರಲ್ಲಿ ಹಾರ್ವರ್ಡಿನ ಸಹಯೋಗದೊಂದಿಗೆ ಸ್ಥಾಪನೆಯಾದ ಅಹಮದಾಬಾದಿನ ಭಾರತೀಯ ವ್ಯವಸ್ಥಾಪನಾ ಸಂಸ್ಥೆ ಇದನ್ನು ಭಾರತದಲ್ಲಿ ಬೇರೂರಿಸಿತು.

1984ರಲ್ಲಿ ಡೇವಿಡ್ ಕೋಲ್ಬ್ ಎಂಬ ವಿದ್ವಾಂಸರು ಅನುಭವಾಧಾರಿತ ಕಲಿಕೆಯ ತತ್ತ್ವವನ್ನು ಗ್ರಂಥರೂಪದಲ್ಲಿ ಮಂಡಿಸಿದರು. ಅವರ ಪ್ರಕಾರ ಕಲಿಕೆಗೆ ನಾಲ್ಕು ಹಂತಗಳಿವೆ: ಕೆಲಸದ ಅನುಭವ ಪಡೆಯುವುದು, ಅದನ್ನು ಹಿಂದಿರುಗಿ ನೋಡುವುದು, ಅದರಿಂದ ಒಂದು ಸೂತ್ರ ಕಂಡುಕೊಳ್ಳುವುದು, ಆ ಸೂತ್ರವನ್ನು ಮತ್ತೆ ಕೆಲಸದಲ್ಲಿ ಪರೀಕ್ಷಿಸುವುದು. ಈ ದೃಷ್ಟಿಯಿಂದ ನೋಡಿದರೆ ಮಂಡಿಯಲ್ಲಿ ಮೊದಲ ಹಂತ ಧಾರಾಳವಾಗಿದೆ, ಕಾಲೇಜಿನಲ್ಲಿ ಮೂರನೆಯದು ಧಾರಾಳವಾಗಿದೆ. ಎರಡನೆಯ ಹಾಗೂ ನಾಲ್ಕನೆಯ ಹಂತಗಳಿಗೆ ಎರಡೂ ಕಡೆ ಅವಕಾಶ ಕಡಿಮೆ.

ಪ್ರಯೋಗಗಳು ತಿಳಿಸಿದ ಸಂಗತಿಗಳು

ಸಣ್ಣ ವ್ಯಾಪಾರಿಗಳಿಗೆ ನೀಡುವ ತರಬೇತಿಯಿಂದ ನಿಜವಾಗಿ ಎಷ್ಟು ಫಲವಿದೆ ಎಂದು ಅಳೆಯಲು ಅರ್ಥಶಾಸ್ತ್ರಜ್ಞರು ಹಲವು ದೇಶಗಳಲ್ಲಿ ಪ್ರಯೋಗ ನಡೆಸಿದ್ದಾರೆ. ತರಬೇತಿ ಪಡೆದವರನ್ನೂ ಪಡೆಯದವರನ್ನೂ ಹೋಲಿಸಿ ನೋಡುವುದು ಇವುಗಳ ಕ್ರಮ. ಅವುಗಳಲ್ಲಿ ನಾಲ್ಕು ಇಲ್ಲಿನ ಓದುಗರಿಗೆ ಮುಖ್ಯವಾದವು.

ಮೊದಲನೆಯದು ಡೊಮಿನಿಕನ್ ಗಣರಾಜ್ಯದಲ್ಲಿ ನಡೆದದ್ದು. ಇದರ ವರದಿ 2014ರಲ್ಲಿ ಪ್ರಕಟವಾಯಿತು. ಸಣ್ಣ ಸಾಲ ಪಡೆದಿದ್ದ ವ್ಯಾಪಾರಿಗಳ ಒಂದು ಗುಂಪಿಗೆ ಕ್ರಮಬದ್ಧ ಲೆಕ್ಕಶಾಸ್ತ್ರವನ್ನು, ಇನ್ನೊಂದು ಗುಂಪಿಗೆ ಕೆಲವು ಸುಲಭ ಸೂತ್ರಗಳನ್ನು ಮಾತ್ರ ಕಲಿಸಲಾಯಿತು. ಮನೆಯ ಹಣವನ್ನೂ ವ್ಯಾಪಾರದ ಹಣವನ್ನೂ ಬೇರೆ ಬೇರೆ ಇಡಬೇಕು ಎಂಬುದು ಆ ಸೂತ್ರಗಳಲ್ಲಿ ಮುಖ್ಯವಾದದ್ದು. ಸುಲಭ ಸೂತ್ರ ಕಲಿತವರ ಲೆಕ್ಕದ ಅಭ್ಯಾಸಗಳು ಗಮನಾರ್ಹವಾಗಿ ಸುಧಾರಿಸಿದವು. ಪೂರ್ಣ ಲೆಕ್ಕಶಾಸ್ತ್ರ ಕಲಿತವರಲ್ಲಿ ಅಂತಹ ಬದಲಾವಣೆ ಕಾಣಲಿಲ್ಲ.

ಎರಡನೆಯದು ಆಫ್ರಿಕಾದ ಟೋಗೋ ದೇಶದ ರಾಜಧಾನಿ ಲೋಮೆಯಲ್ಲಿ 1,500 ಸಣ್ಣ ಉದ್ಯಮಿಗಳ ನಡುವೆ ನಡೆಯಿತು. ಒಂದು ಗುಂಪಿಗೆ ರೂಢಿಯ ವ್ಯವಹಾರ ತರಬೇತಿ. ಇನ್ನೊಂದಕ್ಕೆ ತಾನಾಗಿ ಮುಂದೆ ಬೀಳುವುದು, ಹೊಸ ಅವಕಾಶ ಹುಡುಕುವುದು, ಅಡ್ಡಿ ಬಂದಾಗ ಕೈಬಿಡದಿರುವುದು ಇವುಗಳ ಅಭ್ಯಾಸ. ಮೂರನೆಯದಕ್ಕೆ ಯಾವ ತರಬೇತಿಯೂ ಇಲ್ಲ. ತರಗತಿ ಮುಗಿದ ನಂತರ ತರಬೇತುದಾರರು ತಿಂಗಳಿಗೊಮ್ಮೆ ಅಂಗಡಿಗೇ ಹೋಗಿ ನೋಡಿಬರುತ್ತಿದ್ದರು. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮುನ್ನುಗ್ಗುವ ಅಭ್ಯಾಸ ಪಡೆದವರ ಲಾಭ ಸರಾಸರಿ ಶೇ. 30ರಷ್ಟು ಹೆಚ್ಚಿತು. ರೂಢಿಯ ತರಬೇತಿ ಪಡೆದವರಲ್ಲಿ ಕಂಡ ಹೆಚ್ಚಳ ಶೇ. 11 ಮಾತ್ರ, ಅದೂ ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಖಚಿತವೆನಿಸಲಿಲ್ಲ.

ಮೂರನೆಯದು ಅಹಮದಾಬಾದಿನ ಸೇವಾ ಬ್ಯಾಂಕಿನ ಮಹಿಳಾ ಗ್ರಾಹಕರಿಗೆ ನೀಡಿದ ಎರಡು ದಿನಗಳ ತರಬೇತಿ. ಕೆಲವರನ್ನು ಒಬ್ಬೊಬ್ಬರಾಗಿ, ಕೆಲವರನ್ನು ಗೆಳತಿಯ ಜೊತೆಯಲ್ಲಿ ಆಹ್ವಾನಿಸಲಾಗಿತ್ತು. ಪಾಠ ಒಂದೇ ಆಗಿದ್ದರೂ, ಗೆಳತಿಯೊಡನೆ ಬಂದವರು ವ್ಯಾಪಾರಕ್ಕಾಗಿ ಸಾಲ ಪಡೆದು ವಹಿವಾಟು ಹೆಚ್ಚಿಸಿಕೊಂಡರು. ಒಂಟಿಯಾಗಿ ಬಂದವರಲ್ಲಿ ಈ ಪರಿಣಾಮ ಕಾಣಲಿಲ್ಲ. ಈ ಅಧ್ಯಯನ 2016ರಲ್ಲಿ ಪ್ರಕಟವಾಯಿತು.

ನಾಲ್ಕನೆಯದು ಚೀನಾದ ನಾನ್‌ಚಾಂಗ್ ನಗರದ್ದು. 2,820 ಉದ್ಯಮಗಳ ಪೈಕಿ ಆಯ್ದವುಗಳ ಮಾಲೀಕರನ್ನು ಸುಮಾರು ಹತ್ತು ಜನರ ಗುಂಪುಗಳಾಗಿ ಮಾಡಿ, ಒಂದು ವರ್ಷ ಕಾಲ ಪ್ರತಿ ತಿಂಗಳು ಸೇರುವಂತೆ ಏರ್ಪಡಿಸಲಾಯಿತು. ಅವರು ಒಬ್ಬರ ಕಾರ್ಖಾನೆಗೆ ಇನ್ನೊಬ್ಬರು ಹೋಗಿ, ಕಂಡದ್ದನ್ನು ಚರ್ಚಿಸಿದರು. ಗುಂಪಿನಲ್ಲಿದ್ದ ಉದ್ಯಮಗಳ ಮಾರಾಟದ ವರಮಾನ, ಗುಂಪಿಲ್ಲದವುಗಳಿಗಿಂತ ಸರಾಸರಿ ಶೇ. 8.1ರಷ್ಟು ಹೆಚ್ಚಿತೆಂದು 2018ರ ವರದಿ ತಿಳಿಸುತ್ತದೆ. ಒಂದೇ ಮಾರುಕಟ್ಟೆಗೆ ಸ್ಪರ್ಧಿಸುವವರು ಉಪಯುಕ್ತ ಮಾಹಿತಿಯನ್ನು ಪರಸ್ಪರ ಹೇಳಿಕೊಳ್ಳಲು ಹಿಂಜರಿದರು. ಸ್ಪರ್ಧೆಯಿಲ್ಲದವರು ಮುಕ್ತವಾಗಿ ಹಂಚಿಕೊಂಡರು.

ಈ ನಾಲ್ಕನ್ನೂ ಒಟ್ಟಿಗೆ ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಪಾಠದ ವಿಷಯ ಎಷ್ಟಿದೆ ಎಂಬುದಕ್ಕಿಂತ ಅದು ಎಲ್ಲಿ, ಯಾರೊಡನೆ, ಎಷ್ಟು ಬಾರಿ ನಡೆಯಿತು ಎಂಬುದು ಫಲವನ್ನು ನಿರ್ಧರಿಸುತ್ತದೆ.

ದಕ್ಷಿಣ ಭಾರತದ ಎರಡು ಅನುಭವಗಳು

ಈ ದಿಕ್ಕಿನ ಚಿಂತನೆ ಇಲ್ಲಿಗೆ ಹೊಸದಲ್ಲ. 1960ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್‌ಕ್ಲೆಲೆಂಡ್ ಅವರು ಹೈದರಾಬಾದಿನ ಸಣ್ಣ ಕೈಗಾರಿಕಾ ತರಬೇತಿ ಸಂಸ್ಥೆಯ ನೆರವಿನಿಂದ, ಆಂಧ್ರದ ಕರಾವಳಿಯ ಕಾಕಿನಾಡದ ವರ್ತಕರು ಹಾಗೂ ಸಣ್ಣ ಉದ್ಯಮಿಗಳಿಗೆ ಸಾಧನೆಯ ಪ್ರೇರಣೆ ಬೆಳೆಸುವ ತರಬೇತಿ ನಡೆಸಿದರು. ತರಬೇತಿ ಪಡೆದವರು ಹೊಸ ಹೂಡಿಕೆ ಮತ್ತು ಹೊಸ ಉದ್ಯೋಗ ಸೃಷ್ಟಿಯಲ್ಲಿ ಇತರರಿಗಿಂತ ಚುರುಕಾದರು ಎಂಬ ವಿವರ 1969ರಲ್ಲಿ ಪ್ರಕಟವಾದ ಗ್ರಂಥದಲ್ಲಿದೆ.

ಕರ್ನಾಟಕದಲ್ಲೇ 1982ರಲ್ಲಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಆರಂಭವಾಯಿತು. ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಇದರ ಸಂಸ್ಥಾಪಕರು. ಅಲ್ಪಾವಧಿಯ ತರಬೇತಿ, ನಂತರ ದೀರ್ಘಕಾಲದ ಬೆಂಬಲ ಎಂಬುದು ಇದರ ವೈಶಿಷ್ಟ್ಯ. ತರಬೇತಿ ಮುಗಿಸಿದವರನ್ನು ಅಲ್ಲಿಗೇ ಬಿಡದೆ, ಅವರ ಉದ್ಯೋಗ ನೆಲೆ ನಿಲ್ಲುವವರೆಗೆ ಸಂಪರ್ಕದಲ್ಲಿರುವ ಈ ಕ್ರಮವನ್ನೇ ಮಾದರಿಯಾಗಿಟ್ಟುಕೊಂಡು ಕೇಂದ್ರ ಸರ್ಕಾರ ಜಿಲ್ಲೆಗೊಂದು ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಯ ಯೋಜನೆಯನ್ನು ರೂಪಿಸಿತು. ಲೋಮೆಯ ಪ್ರಯೋಗದಲ್ಲಿ ಇದ್ದ ಮಾಸಿಕ ಭೇಟಿಯ ತತ್ತ್ವ ಉಜಿರೆಯಲ್ಲಿ ಅದಕ್ಕೂ ಮೂರು ದಶಕಗಳ ಮೊದಲೇ ಆಚರಣೆಯಲ್ಲಿತ್ತು ಎಂಬುದು ಗಮನಾರ್ಹ.

ಒಂದು ಮಾದರಿ ಪಾಠ: ಹಾಳೆ ತಟ್ಟೆಯ ಲೆಕ್ಕ

ನಿದರ್ಶನ ಪದ್ಧತಿ ಸಣ್ಣ ಘಟಕಕ್ಕೆ ಹೇಗೆ ಒದಗುತ್ತದೆ ಎಂಬುದನ್ನು ತಿಳಿಯಲು ಒಂದು ಪಾಠವನ್ನು ನೋಡಬಹುದು. ಇಲ್ಲಿನ ಅಂಕಿಗಳು ಅಭ್ಯಾಸಕ್ಕಾಗಿ ಕಲ್ಪಿಸಿಕೊಂಡವು.

ತರೀಕೆರೆಯ ಒಂದು ಅಡಿಕೆ ಹಾಳೆ ತಟ್ಟೆ ಘಟಕಕ್ಕೆ ಎರಡು ಬೇಡಿಕೆಗಳು ಬಂದಿವೆ. ಒಂದನ್ನು ಮಾತ್ರ ಪೂರೈಸಲು ಸಾಧ್ಯ. ಬೆಂಗಳೂರಿನ ಖರೀದಿದಾರರು 10,000 ತಟ್ಟೆಗಳನ್ನು ತಲಾ 3 ರೂ.ಗೆ ಕೊಳ್ಳುತ್ತಾರೆ; ಹಣ ಎರಡು ತಿಂಗಳ ನಂತರ. ಕಡೂರಿನ ಅಡುಗೆ ಗುತ್ತಿಗೆದಾರರು ಅಷ್ಟೇ ತಟ್ಟೆಗಳನ್ನು ತಲಾ 2 ರೂ. 75 ಪೈಸೆಗೆ, ತಾವೇ ಬಂದು ಆರಿಸಿಕೊಂಡು, ನಗದು ಕೊಟ್ಟು ಒಯ್ಯುತ್ತಾರೆ. ಒಂದು ತಟ್ಟೆಗೆ ಹಾಳೆ, ಕೂಲಿ, ವಿದ್ಯುತ್ ಸೇರಿ ತಗಲುವ ವೆಚ್ಚ 2 ರೂ. 40 ಪೈಸೆ. ಬೆಂಗಳೂರಿಗೆ ಕಳಿಸುವುದಾದರೆ ಸಾಗಣೆ 20 ಪೈಸೆ ಹೆಚ್ಚು.

ಮೇಲ್ನೋಟಕ್ಕೆ ಬೆಂಗಳೂರಿನ ಬೇಡಿಕೆಯೇ ಲಾಭದಾಯಕ: ತಟ್ಟೆಗೆ 40 ಪೈಸೆಯಂತೆ 4,000 ರೂ. ಆದರೆ ವೆಚ್ಚದ 26,000 ರೂ.ಗಳನ್ನು ತಿಂಗಳಿಗೆ ಶೇ. 2ರ ಬಡ್ಡಿಗೆ ತಂದಿದ್ದರೆ ಎರಡು ತಿಂಗಳಿಗೆ 1,040 ರೂ. ಬಡ್ಡಿಯಾಗುತ್ತದೆ. ಉಳಿಯುವುದು 2,960 ರೂ. ದಾರಿಯಲ್ಲಿ ಹತ್ತಕ್ಕೆ ಒಂದು ತಟ್ಟೆ ಸೀಳಿ, ಅದರ ಬೆಲೆ ಕಡಿತವಾದರೆ ಮತ್ತೆ 3,000 ರೂ. ಹೋಗುತ್ತದೆ; ಅಂದರೆ 40 ರೂ. ನಷ್ಟ. ಕಡೂರಿನ ಬೇಡಿಕೆಯಲ್ಲಿ ತಟ್ಟೆಗೆ 35 ಪೈಸೆಯಂತೆ 3,500 ರೂ. ಆ ದಿನವೇ ಕೈಗೆ ಬರುತ್ತದೆ.

ಇಲ್ಲಿಗೆ ಪಾಠ ಮುಗಿಯುವುದಿಲ್ಲ, ಚರ್ಚೆ ಆರಂಭವಾಗುತ್ತದೆ. ಸೀಳುವ ತಟ್ಟೆಗಳ ಪ್ರಮಾಣವನ್ನು ಕಟ್ಟುವ ಕ್ರಮ ಬದಲಿಸಿ ತಗ್ಗಿಸಬಹುದೇ? ಖರೀದಿದಾರರಿಂದ ಅರ್ಧ ಮುಂಗಡ ಕೇಳಬಹುದೇ? ಬೆಂಗಳೂರಿನ ಬೇಡಿಕೆ ವರ್ಷವಿಡೀ ಬರುವಂತಿದ್ದರೆ ಮೊದಲ ಸರಕಿನ ಅಲ್ಪ ನಷ್ಟವನ್ನು ಸಹಿಸುವುದು ಜಾಣತನವೇ? ದುಡಿಯುವ ಬಂಡವಾಳದ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಗೂ, ಬಡ್ಡಿಯನ್ನು ಮನಸ್ಸಿನಲ್ಲೇ ಲೆಕ್ಕ ಹಾಕುವ ಮಾಲೀಕರಿಗೂ ಈ ಪ್ರಶ್ನೆಗಳಲ್ಲಿ ಸಮಾನವಾಗಿ ಕಲಿಯುವುದಿದೆ. ಅಜ್ಜಂಪುರದ ಈರುಳ್ಳಿ ವರ್ತಕರು ಇದೇ ಪಾಠವನ್ನು ದಾಸ್ತಾನಿನ ತೂಕ ಇಳಿಕೆಗೂ, ಕಡೂರಿನ ಗೊಬ್ಬರದ ವರ್ತಕರು ಸುಗ್ಗಿಯವರೆಗಿನ ಉದ್ರಿಗೂ ಅನ್ವಯಿಸಿಕೊಳ್ಳಬಹುದು.

ಮೂರು ಊರುಗಳ ಅನುಕೂಲ

ನಾನ್‌ಚಾಂಗಿನ ಪ್ರಯೋಗ ತಿಳಿಸಿದ ಸ್ಪರ್ಧೆಯ ಅಡ್ಡಿಗೆ ಈ ಸೀಮೆಯಲ್ಲಿ ಸಹಜವಾದ ಪರಿಹಾರವಿದೆ. ಕಡೂರಿನ ಕಿರಾಣಿ ವರ್ತಕರು ಪಕ್ಕದ ಬೀದಿಯ ಕಿರಾಣಿ ವರ್ತಕರ ಮುಂದೆ ಖಾತೆ ಪುಸ್ತಕ ಬಿಚ್ಚಲಾರರು. ತರೀಕೆರೆಯ ಅಥವಾ ಅಜ್ಜಂಪುರದವರ ಮುಂದೆ ಬಿಚ್ಚಲು ಅಷ್ಟು ಸಂಕೋಚವಿಲ್ಲ. ಮೂರೂ ಊರುಗಳಿಂದ ಆಯ್ದ ಹತ್ತು ಜನರ ಒಂದು ಕಲಿಕಾ ಕೂಟ ರಚಿಸಿ, ಒಂದೇ ಊರಿನ ಒಂದೇ ಸರಕಿನ ಇಬ್ಬರು ಅದರಲ್ಲಿ ಇರದಂತೆ ನೋಡಿಕೊಂಡರೆ ಮುಕ್ತ ಚರ್ಚೆಗೆ ದಾರಿಯಾಗುತ್ತದೆ. ತಿಂಗಳಿಗೊಮ್ಮೆ, ವಾರದ ರಜೆಯ ದಿನ, ಸರದಿಯಂತೆ ಒಬ್ಬರ ಅಂಗಡಿ ಅಥವಾ ಘಟಕದಲ್ಲೇ ಸೇರುವುದು ಉಚಿತ. ಒಂದು ಸಭೆಗೆ ಒಂದೇ ಪ್ರಶ್ನೆ: ಉದ್ರಿ ವಸೂಲಿ, ಮಾರಾಟವಾಗದ ದಾಸ್ತಾನು, ಮನೆ ಖರ್ಚು ಮತ್ತು ಅಂಗಡಿ ಖರ್ಚಿನ ಬೇರ್ಪಡೆ, ಹೊಸ ಗಿರಾಕಿ, ಹೀಗೆ. ಹಿಂದಿನ ಸಭೆಯಲ್ಲಿ ಒಪ್ಪಿಕೊಂಡ ಬದಲಾವಣೆ ಜಾರಿಗೆ ಬಂದಿತೇ ಎಂಬ ವಿಚಾರಣೆಯಿಂದಲೇ ಪ್ರತಿ ಸಭೆ ಆರಂಭವಾಗಬೇಕು. ಇದಕ್ಕೆ ದೊಡ್ಡ ವೆಚ್ಚವಿಲ್ಲ, ಬೇಕಾದದ್ದು ನಿಯಮಿತತೆ.

ಕಾಲೇಜುಗಳನ್ನೂ ಇದರಲ್ಲಿ ಸೇರಿಸಿಕೊಳ್ಳಬಹುದು. ಈ ಸೀಮೆಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿವೆ. ರಾಜ್ಯದ ಪದವಿ ಪಠ್ಯಕ್ರಮ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಬದಲಾಗಿ, 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಪಠ್ಯಕ್ರಮ ಹೇಗೇ ಬದಲಾದರೂ, ಇಬ್ಬರು ವಾಣಿಜ್ಯ ವಿದ್ಯಾರ್ಥಿಗಳು ಒಂದು ಅಂಗಡಿಯಲ್ಲಿ ಕೆಲವು ವಾರ ಕುಳಿತು ದಾಸ್ತಾನು ಪಟ್ಟಿ, ಉದ್ರಿಯ ವಯಸ್ಸಿನ ಪಟ್ಟಿ ತಯಾರಿಸಿಕೊಡಲು ಯಾವ ಅಡ್ಡಿಯೂ ಇಲ್ಲ. ಅಧ್ಯಾಪಕರು ಅದನ್ನೇ ಹೆಸರು ಬದಲಿಸಿ ತರಗತಿಯ ನಿದರ್ಶನವಾಗಿ ರೂಪಿಸಬಹುದು.

ಗಮನಿಸಬೇಕಾದ ಮಿತಿಗಳು

ಈ ಫಲಿತಾಂಶಗಳು ಸರಾಸರಿಗಳು. ಪ್ರತಿಯೊಬ್ಬರ ಲಾಭವೂ ಹೆಚ್ಚಿತೆಂದು ಅರ್ಥವಲ್ಲ. ಲೋಮೆಯ ಶೇ. 30 ಎಂಬ ಅಂಕಿಯನ್ನು ಕಡೂರಿನಲ್ಲಿ ನಿರೀಕ್ಷಿಸುವುದು ಸರಿಯಲ್ಲ. ಹಲವು ದೇಶಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ 2021ರಲ್ಲಿ ಅರ್ಥಶಾಸ್ತ್ರಜ್ಞ ಡೇವಿಡ್ ಮೆಕೆಂಜಿ ಮಾಡಿದ ವಿಶ್ಲೇಷಣೆಯಂತೆ, ಸಾಮಾನ್ಯ ತರಬೇತಿಯಿಂದ ಮಾರಾಟ ಮತ್ತು ಲಾಭದಲ್ಲಿ ಸರಾಸರಿ ಶೇ. 5ರಿಂದ 10ರಷ್ಟು ಹೆಚ್ಚಳ ಕಾಣಬಹುದು. ತೆಳುವಾದ ಅಂತರದಲ್ಲಿ ನಡೆಯುವ ವ್ಯಾಪಾರಕ್ಕೆ ಇದೂ ಅಲ್ಪವಲ್ಲ.

ಗೋಪ್ಯತೆ ಇನ್ನೊಂದು ಮುಖ್ಯ ವಿಷಯ. ಕೂಟದಲ್ಲಿ ರೂಪಾಯಿಯ ಮೊತ್ತ ಹೇಳದೆ ಶೇಕಡಾ ಪ್ರಮಾಣ ಮಾತ್ರ ಹೇಳುವುದು, ಕೇಳಿದ್ದನ್ನು ಹೊರಗೆ ಆಡದಿರುವುದು ಇವೆರಡು ನಿಯಮಗಳನ್ನು ಮೊದಲ ಸಭೆಯಲ್ಲೇ ಎಲ್ಲರೂ ಒಪ್ಪಿ ಬರೆದಿಡಬೇಕು. ಕೂಟವು ಬೆಲೆ ನಿಗದಿ ಮಾಡುವ ಒಕ್ಕೂಟವಾಗಿ ಮಾರ್ಪಡಲೂಬಾರದು. ಮಾರಾಟದ ದರವನ್ನು ಒಟ್ಟಾಗಿ ತೀರ್ಮಾನಿಸುವುದು 2002ರ ಸ್ಪರ್ಧಾ ಕಾಯಿದೆಗೆ ವಿರುದ್ಧ.

ದೀಪಾವಳಿಯ ಲಕ್ಷ್ಮೀಪೂಜೆಯಂದು ಖಾತೆ ಪುಸ್ತಕವನ್ನು ಪೂಜಿಸುವ ಸಂಪ್ರದಾಯ ವರ್ತಕರಲ್ಲಿದೆ. ಅದೇ ಪುಸ್ತಕವನ್ನು ತಿಂಗಳಿಗೊಮ್ಮೆ ನಂಬಿಕಸ್ತ ಹತ್ತು ಜನರ ನಡುವೆ ತೆರೆದು ಓದುವ ರೂಢಿ ಬೆಳೆದರೆ, ತಂದೆಯ ಅನುಭವವೂ ಮಕ್ಕಳ ಪದವಿಯೂ ಒಂದೇ ಗದ್ದಿಗೆಯ ಮೇಲೆ ಕುಳಿತು ಕೆಲಸ ಮಾಡಲು ಸಾಧ್ಯ. ವಾಣಿಜ್ಯ ಸಂಸ್ಥೆಗಳು ಪ್ರತಿ ಊರಿನಿಂದ ಮೂರು ನಾಲ್ಕು ಸದಸ್ಯರನ್ನು ಆರಿಸಿ, ಒಂದು ವರ್ಷದ ಅವಧಿಗೆ ಇಂತಹ ಮೊದಲ ಕೂಟವನ್ನು ಆರಂಭಿಸಿದರೆ, ವರ್ಷಾಂತ್ಯಕ್ಕೆ ಅದರ ಫಲವನ್ನು ಸದಸ್ಯರ ಸ್ವಂತ ಲೆಕ್ಕಗಳಿಂದಲೇ ಅಳೆಯಬಹುದು.